ಬಿಸಿಲನ್ನು ಇರುಳಿಗೆ ದಾಟಿಸುವ ಬಗೆ

ಸೌರಶಕ್ತಿಯ ವಿಷಯ ಬಂದಾಗ ಬಿಸಿಲನ್ನು ಹಿಡಿಯುವ ಸಾಧನಗಳ ಬಗ್ಗೆ ನಡೆಯುವಷ್ಟು ಚರ್ಚೆ, ಹಿಡಿದದ್ದನ್ನು ಕೂಡಿಡುವ ಉಪಾಯಗಳ ಬಗ್ಗೆ ನಡೆಯುವುದಿಲ್ಲ. ಆದರೆ ಯಾವುದೇ ಸೌರ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದು ತಿಳಿಯುವುದು ಸೂರ್ಯ ಮರೆಯಾದ ಮೇಲೆಯೇ. ಬಾಹ್ಯಾಕಾಶದ ನೌಕೆಗಳಿಗಾಗಿ ವಿಜ್ಞಾನಿಗಳು ಒಂದು ಕಾಲದಲ್ಲಿ ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ, ಆ ಕಾವಿನಲ್ಲಿ ಉಪ್ಪನ್ನು ಕರಗಿಸಿ, ಕರಗಿದ ಉಪ್ಪಿನ ಬಿಸಿಯಿಂದ ಕತ್ತಲಲ್ಲೂ ಟರ್ಬೈನ್ ತಿರುಗಿಸುವ ವ್ಯವಸ್ಥೆಯೊಂದನ್ನು ರೂಪಿಸಿ, ಪರೀಕ್ಷಿಸಿ, ಕೊನೆಗೆ ಬಳಸದೆಯೇ ಬದಿಗಿಟ್ಟರು. ಅದನ್ನು ಬದಿಗಿಟ್ಟದ್ದೇಕೆ, ಚಂದ್ರನ ನೆಲದಲ್ಲಿ ನೆಲೆಯೂರುವ ಮಾತು ಬಂದಾಗ ಅದರ ನೆನಪು ಮತ್ತೆ ಆಗುತ್ತಿರುವುದೇಕೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಲು ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬಿಸಿಲು ಬಳಕೆಯಾಗುವ ರೀತಿಯಿಂದಲೇ ಆರಂಭಿಸಬಹುದು.

ಮೂರು ತಾಲ್ಲೂಕು, ಎರಡು ದಾರಿ

ಬಂಟ್ವಾಳ ಮತ್ತು ಬೆಳ್ತಂಗಡಿ ತಾಲ್ಲೂಕುಗಳಲ್ಲಿ ಬಿಸಿಲಿನ ಅತಿ ದೊಡ್ಡ ಬಳಕೆ ನಡೆಯುವುದು ಅಡಿಕೆ ಅಂಗಳದಲ್ಲಿ. ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡಿದರೆ, ಕರಾವಳಿಯಲ್ಲಿ ಹಣ್ಣಾದ ಅಡಿಕೆಯನ್ನು ಸಿಪ್ಪೆಸಹಿತ ಹರಡಿ, ಆಗಾಗ ಮಗುಚುತ್ತ, 40ರಿಂದ 45 ದಿನ ಒಣಗಿಸಿ ಚಾಲಿ ಅಡಿಕೆ ಮಾಡುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಬಿಸಿ ಮಾತ್ರ. ಇರುಳಿನ ಇಬ್ಬನಿಯಿಂದಲೂ ಅಕಾಲದ ಮಳೆಯಿಂದಲೂ ಬೂಸ್ಟು ಹಿಡಿಯುವ ಭಯವಿರುವುದರಿಂದ ಬೆಳೆಗಾರರು ಪ್ಲಾಸ್ಟಿಕ್ ಹಾಳೆ ಹೊದಿಸಿದ ಸೋಲಾರ್ ಗೂಡುಗಳನ್ನು ಕಟ್ಟಿಕೊಂಡಿದ್ದಾರೆ. ಹಾಳೆಯ ಮೂಲಕ ಒಳಬಂದ ಬಿಸಿಲು ನೆಲವನ್ನೂ ಅಡಿಕೆಯನ್ನೂ ಕಾಯಿಸುತ್ತದೆ, ಕಾದ ಗಾಳಿ ಹೊರಗೋಡದೆ ಒಳಗೇ ನಿಲ್ಲುತ್ತದೆ, ಬಿಸಿಲಿಳಿದ ಮೇಲೂ ಸ್ವಲ್ಪ ಹೊತ್ತು ನೆಲದ ಕಾವು ಕೆಲಸ ಮಾಡುತ್ತದೆ. ಅಡಿಕೆಯ ಬೇಸಾಯ ಮತ್ತು ಸಂಸ್ಕರಣೆಯ ಸಂಶೋಧನೆಗೆಂದು 1956ರಲ್ಲಿ ಆರಂಭವಾದ ಕೇಂದ್ರ, ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ನಿಲಯವಾಗಿರುವುದು, ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿಯೇ ಇದೆ.

ವಿದ್ಯಾಸಂಸ್ಥೆಗಳೂ ವಿದ್ಯಾರ್ಥಿನಿಲಯಗಳೂ ದಟ್ಟವಾಗಿರುವ ಮೂಡುಬಿದಿರೆಯಂಥ ಊರಿನಲ್ಲಿ ಬಿಸಿಲಿನ ಇನ್ನೊಂದು ಬಳಕೆ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡುವುದು ಉಪಯುಕ್ತ. ನೂರು ಲೀಟರ್ ನೀರು 25 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿಗೆ ಏರಿದಾಗ ಅದರಲ್ಲಿ ಸುಮಾರು 4 ಯೂನಿಟ್‌ನಷ್ಟು, ಅಂದರೆ 4 ಕಿಲೋವ್ಯಾಟ್-ಗಂಟೆಯಷ್ಟು ಶಕ್ತಿ ಸೇರಿರುತ್ತದೆ. ಮನೆಗಳ ಇನ್ವರ್ಟರಿಗೆ ಬಳಸುವ 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿ ತುಂಬಿದಾಗ ಹಿಡಿಯುವುದು 1.2 ಯೂನಿಟ್ ಮಾತ್ರ. ಶಾಖ ಸೋರದಂತೆ ಹೊದಿಕೆಯಿರುವ ಒಂದು ತೊಟ್ಟಿ, ಯಾವ ರಾಸಾಯನಿಕವೂ ಇಲ್ಲದೆ, ಸವೆಯದೆ, ಬ್ಯಾಟರಿಯ ಮೂರು ಪಟ್ಟು ಶಕ್ತಿಯನ್ನು ಬೆಳಗಿನ ಜಾವದವರೆಗೆ ಕಾಯ್ದಿಡುತ್ತದೆ.

ಆದರೆ ಆ ನಾಲ್ಕು ಯೂನಿಟ್ ಬಿಸಿಯಿಂದ ಸ್ನಾನ ಮಾಡಬಹುದೇ ಹೊರತು ಫ್ಯಾನು ತಿರುಗಿಸಲಾಗದು. ಶಾಖವನ್ನು ಯಂತ್ರಶಕ್ತಿಯಾಗಿ ಬದಲಿಸಬಲ್ಲ ಪ್ರಮಾಣವು ಬಿಸಿ ಮೂಲಕ್ಕೂ ತಂಪು ಪರಿಸರಕ್ಕೂ ಇರುವ ತಾಪಮಾನದ ಅಂತರವನ್ನು ಅವಲಂಬಿಸಿರುತ್ತದೆ ಎಂಬ ನಿಯಮವನ್ನು ಫ್ರೆಂಚ್ ಎಂಜಿನಿಯರ್ ಸಾದಿ ಕಾರ್ನೋ 1824ರಲ್ಲೇ ಕಂಡುಕೊಂಡಿದ್ದ. ಅದರ ಪ್ರಕಾರ 60 ಡಿಗ್ರಿ ನೀರು ಮತ್ತು 30 ಡಿಗ್ರಿ ಗಾಳಿಯ ನಡುವೆ ಎಂಥ ನಿರ್ದೋಷ ಯಂತ್ರವನ್ನಿಟ್ಟರೂ ದಕ್ಕುವುದು ಶೇಕಡಾ 9ರಷ್ಟೇ. ಹೀಗಾಗಿ ದೀಪಕ್ಕೆ ಬೇರೆ ದಾರಿ ಬೇಕಾಯಿತು. ಬೆಳ್ತಂಗಡಿ ತಾಲ್ಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಾಲದ ನೆರವು ಮತ್ತು 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸ್ಥಾಪಿಸಿದ ಸೆಲ್ಕೋ ಸಂಸ್ಥೆಯ ಉಪಕರಣಗಳು ಸೇರಿ ಹಳ್ಳಿಮನೆಗಳಿಗೆ ತಲುಪಿಸಿದ ಸೋಲಾರ್ ದೀಪಗಳು ಫಲಕ ಮತ್ತು ಬ್ಯಾಟರಿಯ ದಾರಿಯನ್ನು ಹಿಡಿದವು. ಬಿಸಿ ಬೇಕಾದಲ್ಲಿ ಬಿಸಿಯನ್ನೂ ವಿದ್ಯುತ್ ಬೇಕಾದಲ್ಲಿ ವಿದ್ಯುತ್ತನ್ನೂ ಕೂಡಿಡುವ ಈ ವಿಭಾಗಕ್ರಮ ಯಾರೋ ಯೋಜಿಸಿ ಮಾಡಿದ್ದಲ್ಲ, ಅಗತ್ಯಕ್ಕೆ ತಕ್ಕಂತೆ ತಾನಾಗಿ ಏರ್ಪಟ್ಟದ್ದು.

ಬಾಹ್ಯಾಕಾಶದ ಹಗಲಿರುಳು

ಭೂಮಿಯ ವಾಯುಮಂಡಲದ ಹೊರಗೆ ಮೋಡವಿಲ್ಲ, ಮುಂಗಾರಿಲ್ಲ. ಸೂರ್ಯನಿಗೆ ಎದುರಾದ ಪ್ರತಿ ಚದರ ಮೀಟರಿನ ಮೇಲೆ ಸುಮಾರು 1361 ವ್ಯಾಟ್ ಶಕ್ತಿ ಎಡೆಬಿಡದೆ ಬೀಳುತ್ತದೆ. ಹಾಗೆಂದು ಅಲ್ಲಿ ಕತ್ತಲೆಯೇ ಇಲ್ಲವೆಂದಲ್ಲ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನಿಲ್ದಾಣವು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತ, ಪ್ರತಿ ಸುತ್ತಿನಲ್ಲೂ 36 ನಿಮಿಷಗಳವರೆಗೆ ಭೂಮಿಯ ನೆರಳಿನಲ್ಲಿ ಹಾಯುತ್ತದೆ. ಅಂದರೆ ದಿನಕ್ಕೆ ಹದಿನೈದು ಹದಿನಾರು ರಾತ್ರಿ, ವರ್ಷಕ್ಕೆ ಐದೂವರೆ ಸಾವಿರಕ್ಕೂ ಹೆಚ್ಚು ರಾತ್ರಿ. ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಕಕ್ಷೆಯಲ್ಲಿರುವ ಸಂಪರ್ಕ ಉಪಗ್ರಹಗಳಿಗೆ ನೆರಳಿನ ಕಾಟ ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ಆಸುಪಾಸಿನಲ್ಲಿ ಮಾತ್ರ. ಆ ಗ್ರಹಣದ ಋತುಗಳಲ್ಲಿ ತಲಾ ಸುಮಾರು 45 ದಿನ, ದಿನಕ್ಕೆ ಹೆಚ್ಚೆಂದರೆ 72 ನಿಮಿಷ ಅವು ಕತ್ತಲಲ್ಲಿರುತ್ತವೆ. 1982ರಲ್ಲಿ ಇನ್ಸಾಟ್ ಸರಣಿಗಾಗಿ ಆರಂಭವಾದ ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಂಥ ಕಡೆ ಈ ಋತುಗಳೆಂದರೆ ಉಪಗ್ರಹದ ಬ್ಯಾಟರಿಗಳನ್ನು ವಿಶೇಷ ಎಚ್ಚರದಿಂದ ನೋಡಿಕೊಳ್ಳಬೇಕಾದ ಕಾಲ.

ಕತ್ತಲೆಯನ್ನು ತಪ್ಪಿಸಿಕೊಳ್ಳುವ ಜಾಣ್ಮೆಯೂ ಉಂಟು. 2012ರಲ್ಲಿ ಇಸ್ರೋ ಹಾರಿಸಿದ ರಿಸ್ಯಾಟ್-1 ಉಪಗ್ರಹವನ್ನು ಹಗಲಿಗೂ ಇರುಳಿಗೂ ನಡುವಣ ಗೆರೆಯ ಮೇಲೆಯೇ ಸಾಗುವ, ಬೆಳಗಿನ ಆರು–ಸಂಜೆಯ ಆರರ ಕಕ್ಷೆಯಲ್ಲಿ ಇರಿಸಲಾಗಿತ್ತು. 2024ರ ಜನವರಿ 6ರಂದು ತನ್ನ ನೆಲೆ ಸೇರಿದ ಆದಿತ್ಯ-ಎಲ್1ಕ್ಕೆ ಗ್ರಹಣವೆಂಬುದೇ ಇಲ್ಲ. ಆದರೆ ಎಲ್ಲ ನೌಕೆಗಳಿಗೂ ಇಂಥ ಅನುಕೂಲ ಸಿಗುವುದಿಲ್ಲ, ಮತ್ತು ವಿದ್ಯುತ್ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಭಾರತ ಮೊದಲ ಹೆಜ್ಜೆಯಲ್ಲೇ ಕಂಡಿದೆ. ಉಡುಪಿ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ನಿಂತುಹೋದವು. ಮೈಮೇಲೆಲ್ಲ ಸೌರಕೋಶ ಹೊತ್ತಿದ್ದ ಆ ಉಪಗ್ರಹಕ್ಕೆ ದೊರೆಯುತ್ತಿದ್ದದ್ದು ಸುಮಾರು 46 ವ್ಯಾಟ್.

ಕನ್ನಡಿ, ಉಪ್ಪು, ಟರ್ಬೈನ್

ಸೌರಕೋಶಗಳು ಬರುವ ಮೊದಲು, ಬಾಹ್ಯಾಕಾಶದ ಕನಸು ಕಂಡವರೆಲ್ಲ ವಿದ್ಯುತ್ತಿಗೆ ನಂಬಿದ್ದು ಶಾಖವನ್ನೇ. ಹರ್ಮನ್ ನೂರ್ಡುಂಗ್ ಎಂಬ ಹೆಸರಿನಲ್ಲಿ ಬರೆದ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲಿ ಚಿತ್ರಿಸಿದ ಚಕ್ರಾಕಾರದ ನಿಲ್ದಾಣದ ನಡುವೆ ಸೂರ್ಯನತ್ತ ಮುಖ ಮಾಡಿದ ದೊಡ್ಡ ಕನ್ನಡಿಯಿತ್ತು; 1952ರಲ್ಲಿ ವೆರ್ನರ್ ಫಾನ್ ಬ್ರೌನ್ ಅಮೆರಿಕದ ಓದುಗರ ಮುಂದಿಟ್ಟ ನಿಲ್ದಾಣದಲ್ಲಿ ಕನ್ನಡಿಯ ಕಾವಿಗೆ ಪಾದರಸ ಕುದಿದು ಟರ್ಬೈನ್ ತಿರುಗಬೇಕಿತ್ತು. 1960ರ ದಶಕದಲ್ಲಿ ನಾಸಾದ ಸನ್‌ಫ್ಲವರ್ ಯೋಜನೆ ಇದೇ ಪಾದರಸದ ಚಕ್ರವನ್ನು 3 ಕಿಲೋವ್ಯಾಟ್‌ಗೆ ಗುರಿಯಿಟ್ಟು ಬೆಳೆಸಿ, ನೆರಳಿನ ಹೊತ್ತಿಗೆಂದು ಲಿಥಿಯಂ ಹೈಡ್ರೈಡಿನಲ್ಲಿ ಶಾಖವನ್ನು ಕೂಡಿಡಲು ಯತ್ನಿಸಿತು.

ಮುಂದಿನ ತಲೆಮಾರಿನ ವಿನ್ಯಾಸದಲ್ಲಿ ಪಾದರಸದ ಬದಲಿಗೆ ಹೀಲಿಯಂ ಮತ್ತು ಕ್ಸೆನಾನ್ ಅನಿಲಗಳ ಮಿಶ್ರಣ ಬಂತು. ಕನ್ನಡಿಯಿಂದ ಸಾಂದ್ರವಾದ ಬೆಳಕು ಒಂದು ಸಣ್ಣ ಕಿಂಡಿಯ ಮೂಲಕ ಗ್ರಾಹಕ ಎಂಬ ಕುಹರವನ್ನು ಹೊಕ್ಕು ಅಲ್ಲಿಯ ಕೊಳವೆಗಳನ್ನು ಕಾಯಿಸುತ್ತದೆ. ಕೊಳವೆಯೊಳಗಿನ ಅನಿಲ ಬಿಸಿಯಾಗಿ ಹಿಗ್ಗಿ ನಿಮಿಷಕ್ಕೆ ಸುಮಾರು 50 ಸಾವಿರ ಸುತ್ತಿನ ವೇಗದಲ್ಲಿ ಟರ್ಬೈನನ್ನು ತಿರುಗಿಸುತ್ತದೆ. ಅದೇ ದಂಡದ ಮೇಲಿರುವ ಆಲ್ಟರ್ನೇಟರ್ ವಿದ್ಯುತ್ ಕೊಡುತ್ತದೆ. ಕೆಲಸ ಮುಗಿಸಿದ ಅನಿಲ ತಂಪಾಗಿ, ಒತ್ತಡಕ್ಕೊಳಗಾಗಿ, ಮತ್ತೆ ಗ್ರಾಹಕಕ್ಕೆ ಮರಳುತ್ತದೆ. ಇದಕ್ಕೆ ಬ್ರೇಟನ್ ಚಕ್ರವೆಂದು ಹೆಸರು. ನೆಲದ ಮೇಲಿನ ಸೌರ ಉಷ್ಣ ಸ್ಥಾವರಗಳಿಗಾಗಿ ಇದೇ ಚಕ್ರವನ್ನು ಹೆಚ್ಚಿನ ಒತ್ತಡದ ಕಾರ್ಬನ್ ಡೈಆಕ್ಸೈಡ್ ಬಳಸಿ ನಡೆಸುವ ಪ್ರಾಯೋಗಿಕ ಘಟಕವೊಂದು 2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉದ್ಘಾಟನೆಗೊಂಡಿತು.

ಈ ವ್ಯವಸ್ಥೆಯ ಜೀವಾಳವಿರುವುದು ಗ್ರಾಹಕದ ಕೊಳವೆಗಳ ಸುತ್ತ ಡಬ್ಬಿಗಳಲ್ಲಿ ತುಂಬಿಟ್ಟ ಉಪ್ಪಿನಲ್ಲಿ. ಕರಗುವ ವಸ್ತು ಶಾಖವನ್ನು ಹೇಗೆ ನುಂಗುತ್ತದೆ ಎಂಬುದಕ್ಕೆ ತೆಂಗಿನೆಣ್ಣೆಯೇ ಸಾಕ್ಷಿ. ಘಟ್ಟದ ಬುಡದ ಊರುಗಳಲ್ಲಿ ಧನುರ್ಮಾಸದ ಚಳಿಗೆ ಬಾಟಲಿಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಕುಗ್ಗುವುದರಿಂದ ನಡುವೆ ಒಂದು ಗುಳಿಯೂ ಬೀಳುತ್ತದೆ. ಅದನ್ನು ಬಿಸಿಲಿಗಿಟ್ಟರೆ ಅಂಚಿನಿಂದ ಕರಗತೊಡಗಿ, ಬಿಳಿ ಗಟ್ಟಿ ಉಳಿದಿರುವವರೆಗೂ ಅದರ ತಾಪಮಾನ 24 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ಅಷ್ಟು ಹೊತ್ತು ಒಳಸೇರಿದ ಬಿಸಿಯೆಲ್ಲ ಕರಗಿಸುವ ಕೆಲಸಕ್ಕೆ ಹೋಗಿ ಅಡಗಿ ಕೂರುತ್ತದೆ, ಹೆಪ್ಪುಗಟ್ಟುವಾಗ ಅದೇ ತಾಪಮಾನದಲ್ಲಿ ಮರಳಿ ಹೊರಬರುತ್ತದೆ. ಇದಕ್ಕೆ ಸುಪ್ತೋಷ್ಣ ಎಂದು ಹೆಸರು.

ನೌಕೆಗಾಗಿ ಆರಿಸಿದ್ದು ಲಿಥಿಯಂ ಫ್ಲೋರೈಡ್ ಮತ್ತು ಕ್ಯಾಲ್ಸಿಯಂ ಫ್ಲೋರೈಡ್‌ಗಳ ಮಿಶ್ರಣ. ಅದು ಕರಗುವುದು ಸುಮಾರು 767 ಡಿಗ್ರಿಯಲ್ಲಿ, ಕರಗುವಾಗ ಕಿಲೋಗ್ರಾಮಿಗೆ ನುಂಗುವುದು ಸುಮಾರು 800 ಕಿಲೋಜೂಲ್. ಕಾರ್ನೋ ನಿಯಮದ ಅಡ್ಡಿಯನ್ನು ಇಷ್ಟು ಎತ್ತರದ ತಾಪಮಾನವೇ ನಿವಾರಿಸುತ್ತದೆ. ತೊಟ್ಟಿಯ ಬಿಸಿನೀರಿನಿಂದ ಸಾಧ್ಯವಾಗದ ಕೆಲಸ ಇಲ್ಲಿ ಸಾಧ್ಯವಾಗುತ್ತದೆ. ಎರಡು ಕಿಲೋವ್ಯಾಟ್ ವಿದ್ಯುತ್ ಬೇಕೆಂದೂ ಶಾಖದ ಕಾಲು ಭಾಗ ವಿದ್ಯುತ್ತಾಗುತ್ತದೆಂದೂ ಇಟ್ಟುಕೊಂಡರೆ, 36 ನಿಮಿಷದ ನೆರಳನ್ನು ದಾಟಲು ಬೇಕಾಗುವ ಉಪ್ಪು ಇಪ್ಪತ್ತೆರಡು ಕಿಲೋ ಆಸುಪಾಸು. ಹಗಲಿನಲ್ಲಿ ಕರಗುತ್ತ, ಇರುಳಿನಲ್ಲಿ ಹೆಪ್ಪುಗಟ್ಟುತ್ತ, ಅದು ಟರ್ಬೈನಿಗೆ ಹೆಚ್ಚುಕಡಿಮೆ ಒಂದೇ ಬಿಸಿಯ ಅನಿಲವನ್ನು ಉಣಿಸುತ್ತದೆ.

ತೊಡಕಿದ್ದದ್ದು ಎಣ್ಣೆಯಲ್ಲಿ ಕಂಡ ಆ ಗುಳಿಯಲ್ಲೇ. ಈ ಉಪ್ಪು ಹೆಪ್ಪುಗಟ್ಟುವಾಗ ಐದರಲ್ಲಿ ಒಂದು ಭಾಗದಷ್ಟು ಕುಗ್ಗುವುದರಿಂದ ಡಬ್ಬಿಯೊಳಗೆ ಪೊಳ್ಳು ಉಂಟಾಗುತ್ತದೆ. ನೆಲದ ಮೇಲಾದರೆ ಪೊಳ್ಳು ಮೇಲಕ್ಕೇ ಬರುತ್ತದೆ, ತೂಕವಿಲ್ಲದ ಸ್ಥಿತಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ನಿಂತ ಕಡೆ ಶಾಖ ಸಾಗದೆ ಡಬ್ಬಿಯ ಲೋಹ ಸುಟ್ಟುಹೋಗಬಹುದು. ಇದನ್ನು ಅರಿಯಲು ನಾಸಾ 1994ರ ಮಾರ್ಚ್‌ನಲ್ಲಿ ಕೊಲಂಬಿಯ ನೌಕೆಯಲ್ಲಿ ಲಿಥಿಯಂ ಫ್ಲೋರೈಡನ್ನೂ 1995ರ ಸೆಪ್ಟೆಂಬರಿನಲ್ಲಿ ಎಂಡೆವರ್ ನೌಕೆಯಲ್ಲಿ ಮಿಶ್ರ ಉಪ್ಪನ್ನೂ ಕಳಿಸಿ, ಕಕ್ಷೆಯಲ್ಲಿ ಕರಗಿಸಿ ಹೆಪ್ಪುಗಟ್ಟಿಸಿ ಪರೀಕ್ಷಿಸಿತು. ಅದೇ ವರ್ಷಗಳಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ ನಾಸಾ ಪ್ರಯೋಗಾಲಯದ ದೊಡ್ಡ ನಿರ್ವಾತ ಕೋಣೆಯಲ್ಲಿ, ಕೃತಕ ಸೂರ್ಯನ ಬೆಳಕಿನಡಿ, ಎರಡು ಕಿಲೋವ್ಯಾಟ್ ಮಟ್ಟದ ಪೂರ್ಣ ವ್ಯವಸ್ಥೆಯೇ ಓಡಿತು. ರಷ್ಯಾದ ಮೀರ್ ನಿಲ್ದಾಣದಲ್ಲಿ ಅದನ್ನು ಅಳವಡಿಸುವ ಜಂಟಿ ಯೋಜನೆಯೂ ಇತ್ತು, 1990ರ ದಶಕದ ನಡುವೆಯೇ ಅದು ರದ್ದಾಯಿತು.

ತಕ್ಕಡಿ ತಿರುಗಿದ್ದು

ಅಂತಾರಾಷ್ಟ್ರೀಯ ನಿಲ್ದಾಣಕ್ಕೆ ಪೂರ್ವಭಾವಿಯಾದ ಫ್ರೀಡಂ ನಿಲ್ದಾಣದ 1980ರ ದಶಕದ ವಿನ್ಯಾಸದಲ್ಲಿ ಸೌರಫಲಕಗಳ ಜೊತೆಗೆ ಕನ್ನಡಿ–ಟರ್ಬೈನ್ ವ್ಯವಸ್ಥೆಗೂ ಜಾಗವಿತ್ತು. ಅದಕ್ಕೆ ಕಾರಣವನ್ನು ಲೆಕ್ಕದಲ್ಲೇ ಕಾಣಬಹುದು. ಕಿಲೋ ಉಪ್ಪಿನ 800 ಕಿಲೋಜೂಲಿನ ಕಾಲು ಭಾಗ ವಿದ್ಯುತ್ತಾದರೆ ಸಿಗುವುದು ಸುಮಾರು 55 ವ್ಯಾಟ್-ಗಂಟೆ. ಆ ಕಾಲದ ನಿಕಲ್-ಹೈಡ್ರೋಜನ್ ಬ್ಯಾಟರಿಯ ಸಾಮರ್ಥ್ಯವೂ ಕಿಲೋಗೆ ಅಷ್ಟೇ ಇತ್ತು, ಆದರೆ ವರ್ಷಕ್ಕೆ ಐದೂವರೆ ಸಾವಿರ ಬಾರಿ ತುಂಬಿ ಬರಿದಾಗುವ ಬ್ಯಾಟರಿ ಬಾಳಬೇಕಾದರೆ ಅದರ ಸಾಮರ್ಥ್ಯದ ಮೂರರಲ್ಲೊಂದು ಭಾಗವನ್ನಷ್ಟೇ ಬಳಸಬೇಕಾಗಿತ್ತು. ಉಪ್ಪಿಗೆ ಅಂಥ ಕಟ್ಟುಪಾಡಿಲ್ಲ. ಡಬ್ಬಿಗಳ ತೂಕ ಸೇರಿಸಿದರೂ ಸ್ಪರ್ಧೆ ಸಮಬಲದ್ದಾಗಿತ್ತು.

ಹಾಗಿದ್ದೂ ಕನ್ನಡಿಯ ದಾರಿಗೆ ಬೇರೆ ತೊಡಕುಗಳಿದ್ದವು. ಸೌರಫಲಕ ಸೂರ್ಯನಿಂದ ಕೆಲವು ಡಿಗ್ರಿ ಓರೆಯಾದರೂ ವಿದ್ಯುತ್ ಅಲ್ಪಸ್ವಲ್ಪ ತಗ್ಗುತ್ತದೆಯಷ್ಟೆ, ಕನ್ನಡಿ ಒಂದು ಡಿಗ್ರಿಯ ಭಾಗದಷ್ಟು ತಪ್ಪಿದರೂ ಸಾಂದ್ರ ಬೆಳಕು ಕಿಂಡಿಯ ಅಂಚನ್ನು ಸುಡತೊಡಗುತ್ತದೆ. ಫಲಕದಲ್ಲಿ ಒಂದು ಕೋಶ ಸತ್ತರೆ ಉಳಿದವು ದುಡಿಯುತ್ತವೆ, ಟರ್ಬೈನ್ ನಿಂತರೆ ಎಲ್ಲವೂ ನಿಂತಂತೆ. ವಿದ್ಯುತ್ತಾಗದೆ ಉಳಿದ ಮುಕ್ಕಾಲು ಪಾಲು ಶಾಖವನ್ನು ಹೊರಹಾಕುವ ತೊಂದರೆ ಇನ್ನೊಂದು; ಗಾಳಿಯಿಲ್ಲದ ಕಡೆ ಶಾಖ ವಿಕಿರಣವಾಗಿಯೇ ಹೋಗಬೇಕು, 60 ಡಿಗ್ರಿಯಲ್ಲಿರುವ ಕಪ್ಪು ಮೇಲ್ಮೈ ಚದರ ಮೀಟರಿಗೆ ಸೂಸುವುದು ಸುಮಾರು 700 ವ್ಯಾಟ್, ಹೀಗಾಗಿ ಆರು ಕಿಲೋವ್ಯಾಟ್ ಶಾಖವನ್ನು ತೊಲಗಿಸಲು ಎಂಟೊಂಬತ್ತು ಚದರ ಮೀಟರ್ ವಿಸ್ತಾರದ ರೇಡಿಯೇಟರ್ ಬೇಕು. ಕೊನೆಗೆ ತಕ್ಕಡಿಯನ್ನು ಪೂರ್ತಿ ವಾಲಿಸಿದ್ದು ಲಿಥಿಯಂ-ಅಯಾನ್ ಬ್ಯಾಟರಿ. ಕಿಲೋಗೆ 150 ವ್ಯಾಟ್-ಗಂಟೆ ಮುಟ್ಟಿದ ಅದರ ಕೋಶಗಳು ಉಪ್ಪನ್ನು ಹಿಂದೆ ಹಾಕಿದವು. 2017ರಿಂದ 2021ರವರೆಗೆ ಅಂತಾರಾಷ್ಟ್ರೀಯ ನಿಲ್ದಾಣದ 48 ನಿಕಲ್-ಹೈಡ್ರೋಜನ್ ಬ್ಯಾಟರಿಗಳ ಕೆಲಸವನ್ನು 24 ಲಿಥಿಯಂ-ಅಯಾನ್ ಬ್ಯಾಟರಿಗಳು ವಹಿಸಿಕೊಂಡವು. ವಿದ್ಯುತ್ತಿಗಾಗಿ ಶಾಖವನ್ನು ಕೂಡಿಡುವ ವಿಚಾರ ಕಕ್ಷೆಯ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಚಂದ್ರನ ಹದಿನಾಲ್ಕು ದಿನದ ಇರುಳು

ಬೇಕಾದದ್ದು ಬಿಸಿಯೇ ಆಗಿರುವ ಕಡೆ ಲೆಕ್ಕ ಬೇರೆ. 1971ರಲ್ಲಿ ಅಪೋಲೋ 15ರ ಗಗನಯಾತ್ರಿಗಳು ಚಂದ್ರನ ಮೇಲೆ ಓಡಿಸಿದ ವಾಹನದ ವಿದ್ಯುನ್ಮಾನ ಭಾಗಗಳು ಕಾಯದಂತೆ ನೋಡಿಕೊಂಡದ್ದು ಮೇಣ ತುಂಬಿದ ಪೆಟ್ಟಿಗೆಗಳು. ಹೆಚ್ಚಿದ ಬಿಸಿಯನ್ನು ಕರಗಿ ನುಂಗುವುದೇ ಅವುಗಳ ಕೆಲಸ. 1970ರಲ್ಲಿ ಚಂದ್ರನನ್ನು ತಲುಪಿದ ಸೋವಿಯತ್ ಒಕ್ಕೂಟದ ಲೂನೊಖೋದ್-1 ರಾತ್ರಿಯಾದೊಡನೆ ಸೌರಕೋಶಗಳಿದ್ದ ತನ್ನ ಮುಚ್ಚಳವನ್ನು ಮುಚ್ಚಿಕೊಂಡು, ವಿಕಿರಣಶೀಲ ಪೊಲೋನಿಯಂ ಕೊಡುವ ಕಾವಿನಿಂದ ಇರುಳು ಕಳೆಯುತ್ತಿತ್ತು.

ಚಂದ್ರಯಾನ-3ರ ವಿಕ್ರಮ್ ಲ್ಯಾಂಡರಿನಲ್ಲಿ ಅಂಥ ಏರ್ಪಾಡು ಇರಲಿಲ್ಲ. 2023ರ ಆಗಸ್ಟ್ 23ರಂದು ಇಳಿದು, ಒಂದು ಚಾಂದ್ರ ಹಗಲಿಗೆಂದೇ ರೂಪಿತವಾದ ಕೆಲಸವನ್ನು ಮುಗಿಸಿ, ಸೆಪ್ಟೆಂಬರ್ 4ರಂದು ಅದು ನಿದ್ರಾಸ್ಥಿತಿಗೆ ಹೋಯಿತು; ಸೆಪ್ಟೆಂಬರ್ 22ರಂದು ಮತ್ತೆ ಬೆಳಕಾದಾಗ ಅದನ್ನು ಎಬ್ಬಿಸುವ ಯತ್ನಗಳಿಗೆ ಮರುಸದ್ದು ಬರಲಿಲ್ಲ. ಭೂಮಿಯ ಹದಿನಾಲ್ಕು ದಿನಗಳಿಗೂ ಮೀರಿದ ಆ ಇರುಳಿನಲ್ಲಿ ತಾಪಮಾನ ಶೂನ್ಯಕ್ಕಿಂತ 150 ಡಿಗ್ರಿಗೂ ಕೆಳಗಿಳಿಯುತ್ತದೆ, ಬ್ಯಾಟರಿಯೇ ಹೆಪ್ಪುಗಟ್ಟುವುದರಿಂದ ಬ್ಯಾಟರಿಯನ್ನು ಉಳಿಸಲು ಬಿಸಿ ಬೇಕಾಗುತ್ತದೆ. ನೂರು ವ್ಯಾಟ್ ಕಾವನ್ನು ಆ ಇಡೀ ಇರುಳು ಕೊಡಬೇಕೆಂದರೆ ಸುಮಾರು 127 ಮೆಗಾಜೂಲ್ ಶಾಖ ಬೇಕು; ಫ್ಲೋರೈಡ್ ಉಪ್ಪಿನಲ್ಲಿ ಅದನ್ನು ಒಯ್ಯುವುದಾದರೆ 160 ಕಿಲೋ, ಕಿಲೋಗೆ 150 ವ್ಯಾಟ್-ಗಂಟೆಯ ಬ್ಯಾಟರಿಯಲ್ಲಾದರೆ 235 ಕಿಲೋ. ಬ್ಯಾಟರಿ ಕಕ್ಷೆಯಲ್ಲಿ ಗೆದ್ದ ಪಂದ್ಯವನ್ನು ಚಂದ್ರನ ಚಳಿಯಲ್ಲಿ ಸೋಲುತ್ತದೆ. ಆದರೂ ಒಟ್ಟು 1750 ಕಿಲೋ ಆಸುಪಾಸಿನ ಲ್ಯಾಂಡರಿಗೆ ಎರಡೂ ಭಾರವೇ.

ಇದಕ್ಕೆ ಪರಿಹಾರದ ಸುಳಿವು ವಿಕ್ರಮ್ ತಾನೇ ಕಳಿಸಿದ ಅಳತೆಯಲ್ಲಿದೆ. ಅದರ ಚಾಸ್ಟೆ ಉಪಕರಣದ ಶೂಲವು ನೆಲದೊಳಗೆ ಇಳಿದಾಗ ಮೇಲ್ಮೈಯಲ್ಲಿ 50 ಡಿಗ್ರಿ ಮೀರಿದ್ದ ತಾಪಮಾನ ಕೇವಲ 8 ಸೆಂಟಿಮೀಟರ್ ಆಳದಲ್ಲಿ ಶೂನ್ಯಕ್ಕಿಂತ 10 ಡಿಗ್ರಿಯಷ್ಟು ಕೆಳಗಿತ್ತು. ಚಂದ್ರನ ಪುಡಿಮಣ್ಣು ಶಾಖವನ್ನು ಬಲು ನಿಧಾನವಾಗಿ ಬಿಡುವ ಅತ್ಯುತ್ತಮ ಹೊದಿಕೆ ಎಂಬುದಕ್ಕೆ ಇದು ಸ್ಥಳದಲ್ಲೇ ಸಿಕ್ಕ ಪುರಾವೆ. ಅದೇ ಪುಡಿಯನ್ನು ಕರಗಿಸಿ ಬಂಡೆಯಂತೆ ಗಟ್ಟಿಗೊಳಿಸಿದರೆ ಶಾಖ ಸಾಗಿಸುವ ಅದರ ಶಕ್ತಿ ನೂರಾರು ಪಟ್ಟು ಹೆಚ್ಚುತ್ತದೆ. ಈ ಎರಡು ಗುಣಗಳನ್ನು ಜೋಡಿಸಿ ನಾಸಾದ ಸಂಶೋಧಕರು ಥರ್ಮಲ್ ವಾಡಿ ಎಂಬ ಯೋಜನೆಯನ್ನು ಮುಂದಿಟ್ಟಿದ್ದಾರೆ: ಗಟ್ಟಿಗೊಳಿಸಿದ ಮಣ್ಣಿನ ದಿಮ್ಮಿಯನ್ನು ಹಗಲಿಡೀ ಬಿಸಿಲಿಗೆ ಕಾಯಲು ಬಿಟ್ಟು, ಇರುಳಾದಾಗ ರೋವರನ್ನು ಅದರ ಮೇಲೆ ನಿಲ್ಲಿಸಿ, ಕಾವು ಆಕಾಶಕ್ಕೆ ಸೋರದಂತೆ ಪ್ರತಿಫಲಿಸುವ ಹೊದಿಕೆ ಹೊದಿಸುವುದು. ನೂರು ಡಿಗ್ರಿ ತಣಿಯುವ ಸುಮಾರು ಎರಡು ಟನ್ ದಿಮ್ಮಿ ಆ 127 ಮೆಗಾಜೂಲನ್ನು ಕೊಡಬಲ್ಲದು, ಮತ್ತು ಆ ಎರಡು ಟನ್ನನ್ನು ಭೂಮಿಯಿಂದ ಹೊತ್ತೊಯ್ಯಬೇಕಿಲ್ಲ.

ಪರಮಾಣು ಶಾಖದ ದಾರಿಯೂ ತೆರೆದೇ ಇದೆ; ಚಂದ್ರಯಾನ-3ರ ನೋದನ ಘಟಕದಲ್ಲಿ ಒಂದೊಂದು ವ್ಯಾಟಿನ ಎರಡು ಪರಮಾಣು ಹೀಟರುಗಳನ್ನು ಪರೀಕ್ಷೆಗೆಂದು ಕಳಿಸಲಾಗಿತ್ತು. ಜಪಾನ್ ಜೊತೆಗೂಡಿ 250 ಕಿಲೋ ರೋವರ್ ಒಯ್ಯಲಿರುವ ಚಂದ್ರಯಾನ-5ಕ್ಕೆ 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆತಿದೆ. ಅಂಥ ಯಾನಗಳ ವಿನ್ಯಾಸಕಾರರು ಶಕ್ತಿಯ ಒಟ್ಟು ಮೊತ್ತದ ಜೊತೆಗೆ, ಅದರಲ್ಲಿ ಎಷ್ಟು ಪಾಲು ವಿದ್ಯುತ್ತಾಗಿ ಬೇಕು, ಎಷ್ಟು ಪಾಲು ಬರಿಯ ಬಿಸಿಯಾಗಿ ಸಾಕು ಎಂಬುದನ್ನೂ ಬೇರ್ಪಡಿಸಿ ಲೆಕ್ಕ ಹಾಕಬೇಕಾಗುತ್ತದೆ. ಬಿಸಿಯಾಗಿ ಬೇಕಾದದ್ದನ್ನು ವಿದ್ಯುತ್ತಾಗಿಸಿ ಬ್ಯಾಟರಿಯಲ್ಲಿಟ್ಟು ಮತ್ತೆ ಬಿಸಿಯಾಗಿಸುವುದು ಅಡಿಕೆಯ ಗೂಡಿನಲ್ಲಿ ಹಣದ ನಷ್ಟವಾದರೆ ಚಂದ್ರನ ಮೇಲೆ ತೂಕದ ನಷ್ಟ. ವಿದ್ಯುತ್ತಾಗಿ ಬೇಕಾದದ್ದನ್ನು ಬಿಸಿಯಾಗಿ ಕೂಡಿಡಲು ಹೊರಟದ್ದರಿಂದ ಕನ್ನಡಿ–ಟರ್ಬೈನಿನ ಯೋಜನೆ ಸೋತಿತು. ಫ್ಲೋರೈಡ್ ಉಪ್ಪಿನ ಮೇಲೆ ನಡೆದ ದಶಕಗಳ ಶ್ರಮ ವ್ಯರ್ಥವಾಯಿತೆನ್ನಲಾಗದು, ಏಕೆಂದರೆ ಯಾವ ಕೆಲಸಕ್ಕೆ ಯಾವ ಭಂಡಾರ ತಕ್ಕದ್ದೆಂದು ತೂಗಿ ನೋಡುವ ಅಂಕಿಗಳು ಇಂದು ಲಭ್ಯವಿರುವುದು ಆ ಪರೀಕ್ಷೆಗಳಿಂದಲೇ.